ಕಾಲುವೆಗೆ ಇಳಿಯುವವನ ಕೈಗೆ ಎಂಥ ಗೇಜು?

ಬಳ್ಳಾರಿ ಜಿಲ್ಲೆಗೆ ಸಮುದ್ರ ಇಲ್ಲ. ಸ್ಕೂಬಾ ಡೈವಿಂಗ್ ಅಂದರೆ ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪ, ಅಲ್ಲಿ ದುಡ್ಡು ಕಟ್ಟಿ ಬಣ್ಣದ ಮೀನು ನೋಡಿ ಬರುವ ಶ್ರೀಮಂತರ ಮಕ್ಕಳ ಮೋಜು, ಇಷ್ಟೇ ಇಲ್ಲಿನ ಜನಕ್ಕೆ ಗೊತ್ತು. ಕುರುಗೋಡಿನ ಮೆಣಸಿನಕಾಯಿ ರೈತನಿಗೂ ಸಿರುಗುಪ್ಪದ ಭತ್ತದ ಗದ್ದೆಯ ಕೂಲಿಯಾಕೆಗೂ ಅದರಿಂದ ಆಗಬೇಕಾದ್ದೇನು ಅಂತ ಯಾರಾದರೂ ಕೇಳಿದರೆ ಸಿಟ್ಟಾಗುವಂತಿಲ್ಲ.

ಆಗಬೇಕಾದ್ದು ಐತೆ. ಸಮುದ್ರ ಇಲ್ಲದಿದ್ದರೂ ನೀರಿಗೆ ಬಿದ್ದು ಸಾಯುವುದಕ್ಕೆ ಈ ಜಿಲ್ಲೆಯಲ್ಲಿ ಜಾಗಗಳಿಗೆ ಬರ ಇಲ್ಲ. ಬಳ್ಳಾರಿ ಕಡೆ ಎಚ್.ಎಲ್.ಸಿ. ಮೇಲ್ಮಟ್ಟದ ಕಾಲುವೆ, ಕುರುಗೋಡು–ಸಿರುಗುಪ್ಪ ಕಡೆ ಎಲ್.ಎಲ್.ಸಿ. ಕೆಳಮಟ್ಟದ ಕಾಲುವೆ, ಸಿರುಗುಪ್ಪದ ಬದಿಗೇ ತುಂಗಭದ್ರೆ, ಅದರ ಜೊತೆಗೆ ಹಗರಿ. ಮರಳು ಎತ್ತಿದ ಮೇಲೆ ಉಳಿದ ಗುಂಡಿಗಳು, ಕಲ್ಲು ಕಡಿದು ಬಿಟ್ಟ ಕ್ವಾರಿಗಳು, ಕಟ್ಟೆ ಕುಸಿದ ಬಾವಿಗಳು ಬೇರೆ. 2022ರ ಸೆಪ್ಟೆಂಬರಿನಲ್ಲಿ ಬಳ್ಳಾರಿ ತಾಲ್ಲೂಕಿನ ಕೊಳಗಲ್ಲು ಹತ್ತಿರ ಹೊಲದ ಕೆಲಸಕ್ಕೆ ಹೊರಟಿದ್ದ ಹೆಣ್ಣುಮಕ್ಕಳಿದ್ದ ಆಟೋ ಕಾಲುವೆಗೆ ಉರುಳಿದ್ದನ್ನು ಯಾರೂ ಮರೆತಿಲ್ಲ. ಸಿಕ್ಕವರು ಸಿಕ್ಕರು, ಸಿಗದವರಿಗಾಗಿ ದಂಡೆಯ ಮೇಲೆ ಮನೆಯವರು ಕಾದು ಕೂತರು.

ಅಂಥ ಹೊತ್ತಿನಲ್ಲಿ ಒಬ್ಬ ಮನುಷ್ಯ ಬೆನ್ನಿಗೆ ಸಿಲಿಂಡರು ಕಟ್ಟಿಕೊಂಡು ಕೆಂಪು ನೀರಿಗೆ ಇಳಿಯಬೇಕಾಗುತ್ತದೆ. ಅವನು ವಾಪಸು ಮೇಲಕ್ಕೆ ಬರುತ್ತಾನೋ ಇಲ್ಲವೋ ಎಂಬುದು ಅಂಗೈಯಗಲದ ಒಂದು ಗಡಿಯಾರದಂಥ ಸಾಮಾನಿನ ಮೇಲೆ ನಿಂತಿದೆ. ಅದೇ ಪ್ರೆಷರ್ ಗೇಜು. ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಅಂತ ಅದು ಹೇಳುತ್ತದೆ. ಸರ್ಕಾರಿ ಖರೀದಿಯ ಪಟ್ಟಿಯಲ್ಲಿ ಅದಕ್ಕೆ ಸಿಗುವ ಜಾಗ ಮಾತ್ರ ‘ಇತರೆ ಬಿಡಿಭಾಗಗಳು’!

ಪಾತಾಳಗರಡಿಯಿಂದ ಸಿಲಿಂಡರಿನ ತನಕ

ಮೊದಲೆಲ್ಲ ಈ ಕೆಲಸ ಹರಿಗೋಲಿನವರದು. ಅಂಬಿಗರು, ಮೀನುಗಾರರು ಉಸಿರು ಕಟ್ಟಿ ಮುಳುಗೋರು, ಇಲ್ಲವೇ ಬಾವಿಯಿಂದ ಕೊಡ ಎತ್ತುವ ಪಾತಾಳಗರಡಿಯನ್ನೇ ಹಗ್ಗಕ್ಕೆ ಕಟ್ಟಿ ಎಳೆಯೋರು. ಇವತ್ತಿಗೂ ಮೊದಲು ಓಡಿ ಬರೋರು ಅವರೇ. ಅಗ್ನಿಶಾಮಕದವರು, ವಿಪತ್ತು ದಳದವರು ಆಮೇಲೆ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಲಾರಿ ಗಂಗಾವಳಿ ನದಿ ಸೇರಿದಾಗ ಮಲ್ಪೆಯ ಈಶ್ವರ ಮಲ್ಪೆ ನೀರಿಗಿಳಿದಿದ್ದನ್ನು ಟಿ.ವಿ.ಯಲ್ಲಿ ನೋಡಿದವರು ಬಳ್ಳಾರಿಯಲ್ಲೂ ಬಹಳ ಮಂದಿ. ಹರಿವಿನ ರಭಸಕ್ಕೆ ನೌಕಾಪಡೆಯ ಮುಳುಗುಗಾರರೇ ದಿನಗಟ್ಟಲೆ ದಂಡೆಯಲ್ಲಿ ಕಾಯಬೇಕಾಯಿತು. ಲಾರಿ ಸಿಕ್ಕಿದ್ದು ಡ್ರೆಜ್ಜರು ಬಂದ ಮೇಲೆ, ಸೆಪ್ಟೆಂಬರಿನಲ್ಲಿ. ಅಂದರೆ ಸಾಮಾನು ಇದ್ದರೂ ಹರಿಯುವ ನೀರು ಸುಮ್ಮನೆ ಬಿಡುವುದಿಲ್ಲ. ಸಾಮಾನೇ ಕೆಟ್ಟದಿದ್ದರೆ ಹೇಳುವುದೇ ಬೇಡ.

ಇಲ್ಲೊಂದು ತಪ್ಪು ತಿಳಿವಳಿಕೆ ಮೊದಲು ತೊಲಗಬೇಕು. ಪತ್ರಿಕೆಗಳಲ್ಲೂ ‘ಆಕ್ಸಿಜನ್ ಸಿಲಿಂಡರ್ ಕಟ್ಟಿಕೊಂಡು ಮುಳುಗಿದರು’ ಎಂದೇ ಬರೆಯುತ್ತಾರೆ. ಅದರೊಳಗೆ ಇರುವುದು ಆಕ್ಸಿಜನ್ ಅಲ್ಲ, ಎಲ್ಲರೂ ಉಸಿರಾಡುವ ಗಾಳಿಯೇ, ಸೋಸಿ ಒತ್ತಿ ತುಂಬಿದ್ದು. ಬರೀ ಆಕ್ಸಿಜನ್ ಕಟ್ಟಿಕೊಂಡು ಆರು ಮೀಟರಿಗಿಂತ ಕೆಳಗೆ ಇಳಿದರೆ ನೀರೊಳಗೇ ಫಿಟ್ಸ್ ಬಂದು ಸಾಯುವ ಅಪಾಯ ಐತೆ. 2021ರ ಕೊರೋನಾ ಕಾಲದಲ್ಲಿ ತೋರಣಗಲ್ಲಿನ ಜಿಂದಾಲ್ ಕಾರ್ಖಾನೆಯಿಂದ ಆಕ್ಸಿಜನ್ ಊರೂರಿಗೆ ಹೋದದ್ದೇ ಹೋದದ್ದು. ಆಗಿನಿಂದ ಜಿಲ್ಲೆಯ ಜನಕ್ಕೆ ಸಿಲಿಂಡರು, ಗೇಜು, ಮುಳ್ಳು ಎಲ್ಲ ಮನೆಮಾತಾಯಿತು. ಆಸ್ಪತ್ರೆಯ ಗೇಜು, ವೆಲ್ಡಿಂಗ್ ಶಾಪಿನ ಗೇಜು, ನೀರಿನ ಗೇಜು ಎಲ್ಲಾ ಒಂದೇ ಎಂಬ ಭ್ರಮೆಯೂ ಅಲ್ಲಿಂದಲೇ ಬಂದಿರಬಹುದು. ಒಂದೇ ಅಲ್ಲ. ವೆಲ್ಡಿಂಗ್ ಗೇಜಿಗೆ ನೀರು ತಡೆಯುವ ಮುಚ್ಚಳವೇ ಇರುವುದಿಲ್ಲ. ಕಾಲುವೆಯಲ್ಲಿ ಅದರ ಹೊಟ್ಟೆಗೆ ಕೆಸರು ಹೋದರೆ ಮುಳ್ಳು ನಿಂತ ಕಡೆ ನಿಲ್ಲುತ್ತದೆ. ಹೇಗೋ ಹೊಂದಿಸಿದರಾಯಿತು ಎನ್ನೋ ಮೆಕ್ಯಾನಿಕ್ ಬುದ್ಧಿ ಟ್ರಾಕ್ಟರಿಗೆ ಸರಿ, ಉಸಿರಿಗಲ್ಲ.

ಮುಳ್ಳಿನ ಒಳಗುಟ್ಟು

ಮುಳ್ಳಿನ ಗೇಜು ಕೆಲಸ ಮಾಡುವ ಬಗೆ ತುಂಬಾ ಸರಳ. ಕನಕದುರ್ಗಮ್ಮನ ಜಾತ್ರೆಯಲ್ಲೋ ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಯಲ್ಲೋ ಮಕ್ಕಳು ಊದುವ ಸುರುಳಿ ಪೀಪಿ ನೋಡಿದ್ದೀರಲ್ಲ? ಊದಿದರೆ ಸುರುಳಿ ಬಿಚ್ಚಿಕೊಳ್ಳುತ್ತದೆ, ಬಿಟ್ಟರೆ ಮುದುಡುತ್ತದೆ. ಗೇಜಿನ ಒಳಗೂ ಚಪ್ಪಟೆಯಾದ ಒಂದು ಲೋಹದ ಕೊಳವೆ ಬಾಗಿಕೊಂಡು ಕೂತಿರುತ್ತದೆ. ಒತ್ತಡ ಏರಿದರೆ ನೆಟ್ಟಗಾಗಲು ನೋಡುತ್ತದೆ, ಅದರ ತುದಿಗೆ ಕೂಡಿಸಿದ ಹಲ್ಲುಚಕ್ರ ಮುಳ್ಳನ್ನು ತಿರುಗಿಸುತ್ತದೆ. ಫ್ರಾನ್ಸಿನ ಯೂಜೀನ್ ಬೂರ್ದೋ 1849ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಸಿರುಗುಪ್ಪದ ರೈಸ್ ಮಿಲ್ಲುಗಳಲ್ಲಿ ಭತ್ತ ಬೇಯಿಸುವ ಬಾಯ್ಲರಿನ ಮೇಲೆ ಕೂತಿರುವುದೂ ಇದೇ ಜಾತಿಯ ಗೇಜು. ಅಲ್ಲಿ ಕೆಂಪು ಗೆರೆ ದಾಟಿ ಮುಳ್ಳು ಮೇಲೇರಿದರೆ ಅಪಾಯ. ನೀರಿನಲ್ಲಿ ಕೆಂಪು ಪಟ್ಟಿಯೊಳಕ್ಕೆ ಮುಳ್ಳು ಕೆಳಗಿಳಿದರೆ ಅಪಾಯ. ಇಷ್ಟೇ ವ್ಯತ್ಯಾಸ.

ಕುಸ್ತೋ ಮತ್ತು ಗಾನ್ಯಾನ್ 1943ರಲ್ಲಿ ಸ್ಕೂಬಾ ಸಲಕರಣೆ ತಯಾರಿಸಿದ ಮೇಲೆ ಬಹಳ ವರ್ಷ ಮುಳುಗುಗಾರರು ಗೇಜು ಇಲ್ಲದೇ ಇಳಿಯುತ್ತಿದ್ದರು. ಉಸಿರೆಳೆಯುವುದು ಬಿಗಿ ಅನ್ನಿಸಿದಾಗ ಸಿಲಿಂಡರಿನ ಒಂದು ಸರಳು ಎಳೆದರೆ ಮೀಸಲು ಗಾಳಿ ಬರುತ್ತಿತ್ತು, ಮೋಟಾರ್ ಸೈಕಲ್ಲಿನ ರಿಸರ್ವ್ ಕಾಕ್ ಇದ್ದಹಾಗೆ. ಆ ಸರಳು ಇಳಿಯುವಾಗಲೇ ಎಲ್ಲೋ ತಗುಲಿ ಎಳೆದುಹೋಗಿದ್ದರೆ? ಮುಗೀತು. ಗೇಜು ಎಲ್ಲರ ಸಾಮಾನಿಗೆ ಬಂದು ಕೂತದ್ದು 1970ರ ದಶಕದ ಸುಮಾರಿಗೆ.

ಲೆಕ್ಕ ಮಾಡಿ ನೋಡ್ರಿ

ಕಾರಿನ ಟೈರಿಗೆ 30–35 ಪೌಂಡು ಗಾಳಿ ಹಿಡಿಸುತ್ತಾರೆ, ಲಾರಿ ಟೈರಿಗೆ ನೂರು ನೂರಿಪ್ಪತ್ತು. ಸ್ಕೂಬಾ ಸಿಲಿಂಡರಿಗೆ 200 ಬಾರ್, ಅಂದರೆ ಸುಮಾರು 2900 ಪೌಂಡು! ಸಾಮಾನ್ಯ ಸಿಲಿಂಡರಿನ ಒಳಗಾತ್ರ 11 ಲೀಟರು. ಹನ್ನೊಂದನ್ನು ಇನ್ನೂರರಿಂದ ಗುಣಿಸಿದರೆ 2200 ಲೀಟರು ಗಾಳಿ. ಅದರಲ್ಲಿ ಕೊನೆಯ 50 ಬಾರನ್ನು ಯಾರೂ ಮುಟ್ಟಬಾರದು, ಅದು ಮೇಲೆ ಬರುವುದಕ್ಕೆ. ಉಳಿದದ್ದು 1650 ಲೀಟರು.

ಸಮಾಧಾನದಿಂದ ಈಜುವವನು ದಂಡೆಯ ಲೆಕ್ಕದಲ್ಲಿ ನಿಮಿಷಕ್ಕೆ ಸುಮಾರು 20 ಲೀಟರು ಉಸಿರಾಡುತ್ತಾನೆ. ಐದು ಮೀಟರು ಆಳದಲ್ಲಿ ಒತ್ತಡ ಒಂದೂವರೆ ಪಟ್ಟು, ಗಾಳಿಯ ಖರ್ಚೂ ಒಂದೂವರೆ ಪಟ್ಟು, 30 ಲೀಟರು. ಅವನಿಗೆ 55 ನಿಮಿಷ ಸಿಗುತ್ತದೆ. ನೇತ್ರಾಣಿಯ ಲೆಕ್ಕ ಇದು. ಕಾಲುವೆಯಲ್ಲಿ ಹರಿವಿಗೆ ಎದುರಾಗಿ ಕಾಲೂರಲು ಹೆಣಗುತ್ತಾ, ಉರುಳಿದ ಗಾಡಿಯ ಬಾಗಿಲು ತಡಕಾಡುವವನು ಎದೆ ಬಡಿದುಕೊಂಡು 50 ಲೀಟರು ಎಳೆಯಬಹುದು. ಒಂದೂವರೆ ಪಟ್ಟು ಮಾಡಿದರೆ 75. ಅವನಿಗೆ ಸಿಗುವುದು 22 ನಿಮಿಷ ಮಾತ್ರ.

ಈಗ ಗೇಜು 20 ಬಾರ್ ಹೆಚ್ಚು ತೋರಿಸುತ್ತಿದೆ ಅಂತ ಇಟ್ಟುಕೊಳ್ಳಿ. ಇಪ್ಪತ್ತು ಬಾರ್ ಅಂದರೆ 220 ಲೀಟರು, ಅವನ ಹೊಟ್ಟೆಬಾಕ ಉಸಿರಿಗೆ ಮೂರು ನಿಮಿಷ. ಮೀಸಲು ಇಟ್ಟ 50 ಬಾರ್ ಅವನಿಗೆ ಏಳು ನಿಮಿಷದ ಮಾತು. ಆ ಏಳರಲ್ಲಿ ಮೂರು ನಿಮಿಷ ಬರೀ ಸುಳ್ಳು! ದಂಡೆಯ ಮೇಲೆ ಬೀಡಿ ಹಚ್ಚಿ ಮುಗಿಸುವಷ್ಟರಲ್ಲಿ ಮೂರು ನಿಮಿಷ ಹೋಗುತ್ತದೆ. ಕೆಳಗೆ ಇದ್ದವನಿಗೆ ಅದು ಜಾಲಿ ಕಂಟಿಯಿಂದ ಬಟ್ಟೆ ಬಿಡಿಸಿಕೊಳ್ಳುವ ಕಾಲ. ಗಾಳಿ ಒಮ್ಮೆಗೇ ನಿಂತರೆ ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮುತ್ತಾನೆ. ಹಾಗೆ ಚಿಮ್ಮಿದರೆ ಆಳ ಹೆಚ್ಚಿಲ್ಲದಿದ್ದರೂ ಎದೆಯೊಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯಬಹುದು.

ಬಳ್ಳಾರಿ ಬಿಸಿಲಿನ ಲೆಕ್ಕ ಬೇರೆಯೇ ಐತೆ. ಜೀಪಿನ ಹಿಂದೆ 45 ಡಿಗ್ರಿಗೆ ಕಾದ ಸಿಲಿಂಡರು 200 ಬಾರ್ ತೋರಿಸುತ್ತದೆ. 25 ಡಿಗ್ರಿಯ ನೀರಿಗೆ ಇಳಿಸಿ ತಣ್ಣಗಾದ ಮೇಲೆ ಅದೇ ಗಾಳಿ 187 ತೋರಿಸುತ್ತದೆ. ಒಂದು ಉಸಿರೂ ಎಳೆಯದೆ 13 ಬಾರ್ ಮಾಯ. ಆದ್ದರಿಂದ ಜೀಪಿನಲ್ಲಿ ಓದಿದ್ದನ್ನು ಪುಸ್ತಕದಲ್ಲಿ ಬರೆಯಬಾರದು, ನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ ಓದಿದ್ದನ್ನು ಬರೆಯಬೇಕು.

ಮುಳ್ಳೋ, ಅಂಕಿಯೋ?

ಅಂಗಡಿಗೆ ಹೋದರೆ ಎರಡು ಬಗೆ. ಒಂದು ಈ ಮುಳ್ಳಿನದು, ರಬ್ಬರ್ ಹೋಸಿನ ತುದಿಯಲ್ಲಿ ತೂಗಾಡುತ್ತದೆ. ಇನ್ನೊಂದು ಹೊಸ ಕಾಲದ್ದು. ಸಿಲಿಂಡರಿನ ಬಳಿ ಒಂದು ಟ್ರಾನ್ಸ್‌ಮಿಟರು ಕೂಡಿಸುತ್ತಾರೆ, ಅದು ಮಣಿಕಟ್ಟಿನ ಕಂಪ್ಯೂಟರಿಗೆ ತಂತಿಯಿಲ್ಲದೆ ಅಂಕಿ ಕಳಿಸುತ್ತದೆ. ಎಷ್ಟು ನಿಮಿಷದ ಗಾಳಿ ಉಳಿದಿದೆ ಎಂಬುದನ್ನೂ ಲೆಕ್ಕ ಹಾಕಿ ಹೇಳುತ್ತದೆ, ಕೆಲವು ಕಿರುಚುತ್ತವೆ, ಕೆಲವು ನಡುಗುತ್ತವೆ. ಹೋಸು ಇಲ್ಲದ್ದರಿಂದ ಕಂಟಿಗೆ ಸಿಕ್ಕಿಕೊಳ್ಳುವ ಭಯವೂ ಕಮ್ಮಿ. ಬೆಲೆ ಮಾತ್ರ ಮುಳ್ಳಿನದರ ಹಲವು ಪಟ್ಟು.

ಕೇಳೋಕೆ ಚೆಂದ. ಆದರೆ ಇದು ಬ್ಯಾಟರಿಯ ಮೇಲೆ ಬದುಕುವ ಸಾಮಾನು. ವರ್ಷದಲ್ಲಿ ಹನ್ನೊಂದು ತಿಂಗಳು ಬೀರುವಿನಲ್ಲಿ ಮಲಗಿ, ಹನ್ನೆರಡನೆಯ ತಿಂಗಳಲ್ಲಿ ರಾತ್ರಿ ಹನ್ನೊಂದು ಗಂಟೆಗೆ ಫೋನು ಬಂದಾಗ ಎದ್ದು ಕೆಲಸ ಮಾಡಬೇಕು. ಆಗ ಬ್ಯಾಟರಿ ಸತ್ತಿದ್ದರೆ ಸಿರುಗುಪ್ಪದಲ್ಲಿ ಎಲ್ಲಿ ತರುವುದು? ಮುಳ್ಳಿನ ಗೇಜಿಗೆ ಬ್ಯಾಟರಿಯ ಹಂಗಿಲ್ಲ. ಪ್ರವಾಸಿಗಳಿಗೆ ಅಂಕಿಯದು ಒಳ್ಳೆಯದೇ. ರಕ್ಷಣಾ ದಳಕ್ಕೆ ಮೊದಲು ಹಿತ್ತಾಳೆ ಮೈಯ ಮುಳ್ಳಿನ ಗೇಜು, ದುಡ್ಡು ಉಳಿದರೆ ಜೊತೆಗೆ ಅಂಕಿಯದು. ಅದನ್ನು ತಂದು ಇದನ್ನು ಬಿಡುವುದು ಬುದ್ಧಿವಂತಿಕೆಯಲ್ಲ.

ಮುಳ್ಳಿನದರಲ್ಲೂ ಆರಿಸಿ ಕೊಳ್ಳಬೇಕು. ಅಳತೆ ಬಾರ್‌ನಲ್ಲಿರಬೇಕು, ದಳದ ಎಲ್ಲಾ ಗೇಜುಗಳೂ ಒಂದೇ ಅಳತೆಯವಾಗಿರಬೇಕು. ಒಂದು ಬಾರ್‌ನದು, ಇನ್ನೊಂದು ಪೌಂಡಿನದು ಕಲಸಿದರೆ ಗತಿ ಏನು? ಪೌಂಡಿನ ಗೇಜಿನಲ್ಲಿ 500 ಎಂದು ಕಂಡಾಗ ಬಾರ್ ಕಲಿತ ಹುಡುಗ ಬೇಕಾದಷ್ಟಿದೆ ಅಂದುಕೊಳ್ಳುತ್ತಾನೆ. ಅದು ಬರೀ 34 ಬಾರ್. ಮೀಸಲಿನೊಳಕ್ಕೆ ಆಗಲೇ ಹೋಗಿಯಾಗಿದೆ! ಅಗ್ನಿಶಾಮಕದವರು ಹೊಗೆಯಲ್ಲಿ ಬಳಸುವ ಬಿ.ಎ. ಸೆಟ್ಟುಗಳ ಅಳತೆಯೂ ಸಾಮಾನ್ಯವಾಗಿ ಬಾರ್‌ನಲ್ಲೇ, ಹೀಗಾಗಿ ಅವರ ಕಣ್ಣಿಗೆ ಅಭ್ಯಾಸವಾಗಿರುತ್ತದೆ. ಆದರೆ ಅವರ ಇನ್ನೊಂದು ಅಭ್ಯಾಸ ನೀರಿನಲ್ಲಿ ಕೈಕೊಡುತ್ತದೆ. ಬಿ.ಎ. ಸೆಟ್ಟಿನಲ್ಲಿ ಸುಮಾರು 55 ಬಾರ್‌ಗೆ ಇಳಿದಾಗ ಸೀಟಿ ಊದುತ್ತದೆ. ಸ್ಕೂಬಾದ ಮುಳ್ಳಿನ ಗೇಜು ಸೀಟಿ ಊದುವುದಿಲ್ಲ. ಸೀಟಿಗೆ ಕಾಯುತ್ತಾ ಕೂತವನು ಕಾಯುತ್ತಲೇ ಇರಬೇಕಾಗುತ್ತದೆ.

ಮುಖ ದೊಡ್ಡದಿರಬೇಕು, ಅಂಕಿಗಳು ಕತ್ತಲಲ್ಲಿ ಹೊಳೆಯುವಂತಿರಬೇಕು, 50ರ ಕೆಳಗೆ ಕೆಂಪು ಬಣ್ಣ ಎದ್ದು ಕಾಣಬೇಕು. ಗೀರು ಬೀಳುವ ಪ್ಲಾಸ್ಟಿಕ್ ಮುಖಕ್ಕಿಂತ ಗಟ್ಟಿ ಗಾಜು ವಾಸಿ, ಕಾಲುವೆ ಮರಳು ಪ್ಲಾಸ್ಟಿಕ್ಕನ್ನು ನಾಲ್ಕು ದಿನದಲ್ಲಿ ಕುರುಡು ಮಾಡುತ್ತದೆ. ಅಳತೆ 300 ಬಾರ್ ದಾಟಿರಬೇಕು, ಯಾಕೆಂದರೆ 232 ಬಾರ್ ತುಂಬುವ ಸಿಲಿಂಡರುಗಳೂ ಬರುತ್ತವೆ. ಯುರೋಪಿನ ಇ.ಎನ್. 250 ಗುರುತು ಇದ್ದರೆ ಮೇಲು. ಹೋಸು ತೀರಾ ಉದ್ದ ಬೇಡ, ಎದೆಗೆ ಕ್ಲಿಪ್ಪಿನಿಂದ ಕಚ್ಚಿ ನಿಂತಿರಬೇಕು. ಗೇಜು ಹೋಸಿಗೆ ಕೂಡುವ ಕಡೆ ಒಂದು ಪುಟ್ಟ ತಿರುಗಣೆ, ಅದಕ್ಕೆ ಎರಡು ಓ–ರಿಂಗು. ಸೋರುವುದು ಬಹಳಷ್ಟು ಸಲ ಅಲ್ಲೇ. ಪುಡಿಗಾಸಿನ ರಿಂಗು ಸ್ಟೋರಿನಲ್ಲಿ ಇಲ್ಲ ಅಂತ ಇಡೀ ಸೆಟ್ಟು ಮೂಲೆಗೆ ಬೀಳಬಾರದು.

ಕೆಂಪು ನೀರಿನ ಪ್ರಶ್ನೆ

ಇಷ್ಟೆಲ್ಲಾ ಆದರೂ ಒಂದು ಮಾತು ಉಳಿಯುತ್ತದೆ. ಮಳೆಗಾಲದ ಕಾಲುವೆಯಲ್ಲಿ ಕೈ ಮುಂದೆ ಚಾಚಿದರೆ ಬೆರಳೇ ಕಾಣುವುದಿಲ್ಲ. ಕಾಣದ ಗೇಜು ಹಿತ್ತಾಳೆಯದಾದರೇನು, ಚಿನ್ನದ್ದಾದರೇನು? ಮುಖವಾಡದ ಗಾಜಿಗೇ ಒತ್ತಿ ಹಿಡಿದು, ಟಾರ್ಚು ಬಿಟ್ಟು ಓದಬೇಕು. ಅದೂ ಆಗದಿದ್ದರೆ ಹಗ್ಗವೇ ಗತಿ. ಇಳಿಯುವವನ ಮೈಗೆ ಕಟ್ಟಿದ ಹಗ್ಗ ದಂಡೆಯವನ ಕೈಯಲ್ಲಿರಬೇಕು. ಇಳಿದ ಹೊತ್ತು, ಇಳಿಯುವಾಗ ಇದ್ದ ಬಾರ್ ಎರಡನ್ನೂ ಅವನು ಬರೆದಿಟ್ಟುಕೊಂಡು, ಗಡಿಯಾರ ನೋಡುತ್ತಾ, ಇಷ್ಟು ನಿಮಿಷಕ್ಕೆ ಮೇಲೆ ಬಾ ಅಂತ ಹಗ್ಗ ಜಗ್ಗಬೇಕು. ಗಾಳಿಯ ಮೂರನೇ ಒಂದು ಪಾಲು ಖರ್ಚಾದರೆ ತಿರುಗು ಎಂಬ ಲೆಕ್ಕ ಇಟ್ಟುಕೊಂಡರೆ ಇನ್ನೂ ಕ್ಷೇಮ.

ಇದಕ್ಕಿಂತ ಮೇಲಾದ ಏರ್ಪಾಟೂ ಇದೆ. ದಂಡೆಯ ಮೇಲೇ ದೊಡ್ಡ ಸಿಲಿಂಡರುಗಳನ್ನಿಟ್ಟು ಉದ್ದನೆಯ ಹೋಸಿನಲ್ಲಿ ಗಾಳಿ ಕಳಿಸುವುದು. ಆಗ ಗೇಜು ಇರುವುದು ಬೆಳಕಿನಲ್ಲಿ, ದಂಡೆಯವನ ಕಣ್ಣ ಮುಂದೆ. ಮುಳುಗಿದವನ ಬೆನ್ನಿಗೆ ತುರ್ತಿಗೆ ಒಂದು ಸಣ್ಣ ಸಿಲಿಂಡರು. ಕೆಸರು ನೀರಿನ ಜಿಲ್ಲೆಗೆ ಹೇಳಿ ಮಾಡಿಸಿದ್ದು ಇದೇ ಅನ್ನಬೇಕು. ಖರ್ಚು ಜಾಸ್ತಿ, ತರಬೇತಿಯೂ ಜಾಸ್ತಿ, ಎಳೆದಾಡುವ ಹೋಸಿಗೆ ಜನವೂ ಬೇಕು. ಆದರೆ ಗಣಿಯಿಂದ ಬರುವ ಡಿ.ಎಂ.ಎಫ್. ನಿಧಿ ಇರುವ ಬಳ್ಳಾರಿಯಲ್ಲಿ ದುಡ್ಡಿಲ್ಲ ಎಂಬ ಮಾತನ್ನು ಯಾರ ಮುಂದೆ ಹೇಳುವುದು?

ಹರಿವಿನ ಪ್ರಶ್ನೆ ಇನ್ನೂ ದೊಡ್ಡದು. ತೂಬಿನ ಬಾಯಿ, ಸೈಫನ್ನಿನ ಬಾಯಿ ಹತ್ತಿರ ನೀರಿನ ಸೆಳೆತಕ್ಕೆ ಸಿಕ್ಕವನನ್ನು ಯಾವ ಗೇಜೂ ಉಳಿಸುವುದಿಲ್ಲ. ಮೊದಲು ನೀರು ನಿಲ್ಲಬೇಕು. ಕಾಲುವೆಯ ಕೀಲಿ ಇರುವುದು 1953ರಲ್ಲಿ ಹುಟ್ಟಿದ ತುಂಗಭದ್ರಾ ಮಂಡಳಿಯ ಕೈಯಲ್ಲಿ. ಎರಡು ಕಾಲುವೆಗಳ ನೀರಿನಲ್ಲೂ ಆಂಧ್ರಕ್ಕೆ ಪಾಲಿದೆ. ಡ್ಯಾಮು ಇರುವ ಹೊಸಪೇಟೆ 2021ರಿಂದ ಬೇರೆ ಜಿಲ್ಲೆ, ವಿಜಯನಗರ. ಬಳ್ಳಾರಿಗೆ ಉಳಿದದ್ದು ಕಾಲುವೆ ಮಾತ್ರ. 2022ರ ಕೊನೆಗೆ ವೇದಾವತಿಯ ಮೇಲಿನ ಎಲ್.ಎಲ್.ಸಿ. ಮೇಲ್ಗಾಲುವೆಯ ಕಂಬ ಕುಸಿದಾಗ ಮಂತ್ರಿಗಳೇ ಬಂದು ಅಲ್ಲಿ ಮಲಗಬೇಕಾಯಿತು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಕನ್ನಯ್ಯ ನಾಯ್ಡು ಬಂದು ವಾರದೊಳಗೆ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿದರು. ಬೆಳೆಯ ನೀರಿಗೆ ಇಷ್ಟೆಲ್ಲ ಅವಸರ ಮಾಡಬಲ್ಲವರು, ಒಬ್ಬ ಮನುಷ್ಯ ಕೆಳಗಿದ್ದಾಗ ತೂಬು ಇಳಿಸಲು ಯಾರಿಗೆ ಫೋನು ಮಾಡಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಪ್ರತಿ ಠಾಣೆಯ ಗೋಡೆಗೆ ಅಂಟಿಸುವುದು ಕಷ್ಟವಲ್ಲ.

ಟೆಂಡರಿನ ಮಾತು

ಕೊನೆಗೆ ಬರುವುದು ಕಾಗದದ ಹತ್ತಿರಕ್ಕೇ. ಸರ್ಕಾರಿ ಖರೀದಿಯಲ್ಲಿ ಎಲ್–1, ಅಂದರೆ ಕಡಿಮೆ ದರದವನೇ ಗಂಡ. ‘ಸ್ಕೂಬಾ ಸೆಟ್, ಸಂಪೂರ್ಣ’ ಎಂದು ಒಂದೇ ಸಾಲು ಬರೆದರೆ, ‘ಸಂಪೂರ್ಣ’ದಲ್ಲಿ ಬರುವ ಗೇಜು ಆಟಿಕೆ ಅಂಗಡಿಯದ್ದಾದರೂ ಆಕ್ಷೇಪಣೆಗೆ ದಾರಿಯಿಲ್ಲ. ಗೇಜಿಗೆ ಬೇರೆ ಸಾಲು, ಅದರ ಅಳತೆ, ಮೈ, ಗಾಜು, ಗುರುತು, ಜೊತೆಗೆ ಬರಬೇಕಾದ ರಿಂಗು ಎಲ್ಲವನ್ನೂ ಬರೆಯಬೇಕು. ಬರೆಯುವವನ ಪಕ್ಕದಲ್ಲಿ ನೀರಿಗೆ ಇಳಿಯುವವನು ಕೂತಿರಬೇಕು. ಸಾಮಾನ್ಯವಾಗಿ ಕೂರುವುದು ಸ್ಟೋರಿನ ಗುಮಾಸ್ತ ಮತ್ತು ಏಜೆಂಟು!

ಗಾಳಿ ತುಂಬುವುದು ಎಲ್ಲಿ ಎಂಬುದನ್ನೂ ಆಗಲೇ ಕೇಳಬೇಕು. ಪಂಕ್ಚರ್ ಅಂಗಡಿಯ ಕಂಪ್ರೆಸರು ಹತ್ತು ಬಾರಿಗೇ ಸುಸ್ತಾಗುತ್ತದೆ, ಅದರ ಗಾಳಿಯಲ್ಲಿ ಎಣ್ಣೆಯೂ ಇರುತ್ತದೆ. ಉಸಿರಾಟದ ಗಾಳಿಯ ಕಂಪ್ರೆಸರು ಬೇರೆಯೇ. ಅದಿಲ್ಲದೆ ಸಿಲಿಂಡರು ತಂದರೆ ಮೊದಲ ಸಲ ಇಳಿದ ಮೇಲೆ ಅದು ಬರೀ ಕಬ್ಬಿಣ.

ಮಾಲು ಬಂದ ದಿನ ಸಹಿ ಹಾಕುವ ಮುಂಚೆ ಮಾಡುವ ಪರೀಕ್ಷೆಗೆ ದೊಡ್ಡ ಓದು ಬೇಕಿಲ್ಲ. ಗಾಳಿ ಇಲ್ಲದಾಗ ಮುಳ್ಳು ಸೊನ್ನೆಗೆ ಕೂತಿರಬೇಕು. ಐದಕ್ಕೋ ಹತ್ತಕ್ಕೋ ನಿಂತಿದ್ದರೆ ವಾಪಸು. ವಾಲ್ವು ತೆರೆಯುವಾಗ ಗೇಜಿನ ಮುಖವನ್ನು ಮನುಷ್ಯರಿಗೆ ಎದುರಾಗಿ ಹಿಡಿಯಬಾರದು. ಒಳಗೆ ಸೋರಿದರೆ ಗಾಳಿ ಹೊರಹೋಗಲು ಬಿರಡೆ ಇರುತ್ತದೆ ನಿಜ, ಆದರೂ ಗಾಜು ಸಿಡಿದರೆ ಕಣ್ಣು ಹೋಗುತ್ತದೆ. ತುಂಬಿದ ಸಿಲಿಂಡರಿಗೆ ಹಾಕಿ, ಅಳತೆ ಸರಿಯಿದೆ ಎಂದು ಗೊತ್ತಿರುವ ಇನ್ನೊಂದು ಗೇಜಿನ ಜೊತೆ 200, 100, 50 ಈ ಮೂರು ಕಡೆ ತಾಳೆ ನೋಡಬೇಕು. 50ರ ಹತ್ತಿರದ್ದು ಎಲ್ಲಕ್ಕಿಂತ ಮುಖ್ಯ. ಆಮೇಲೆ ಬಾಯಿಗಿಟ್ಟು ನಾಲ್ಕು ಸಲ ಜೋರಾಗಿ ಉಸಿರೆಳೆದು ಮುಳ್ಳನ್ನೇ ನೋಡಬೇಕು. ಪ್ರತಿ ಉಸಿರಿಗೂ ಮುಳ್ಳು ಕೆಳಗೆ ಜಿಗಿದು ಮತ್ತೆ ಮೇಲೆ ಬಂದರೆ ವಾಲ್ವು ಪೂರಾ ತೆರೆದಿಲ್ಲ, ಇಲ್ಲವೇ ಜಾಲರಿ ಕಟ್ಟಿದೆ. ಇದನ್ನು ದಂಡೆಯ ಮೇಲೆ ನೋಡದವನಿಗೆ ನೀರೊಳಗೆ ಗೊತ್ತಾಗುತ್ತದೆ.

ಕಾಲುವೆಗೆ ನೀರು ಬಿಡುವುದು ಸಾಮಾನ್ಯವಾಗಿ ಜುಲೈ ಸುಮಾರಿಗೆ. ಖರೀದಿಯ ಫೈಲು ಬೇಸಿಗೆಯಲ್ಲೇ ಓಡಾಡಿದರೆ, ಇಳಿಯುವ ಹುಡುಗರು ಯಾವುದಾದರೂ ತಿಳಿನೀರಿನ ಬಾವಿಯಲ್ಲಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಗೇಜು ತಡಕಿ ಮುಖಕ್ಕೆ ತರುವುದನ್ನಾದರೂ ಕಲಿತಿರುತ್ತಾರೆ.